ಕಿಟಕಿ ಬೇಡವೆಂದ ಓನರಮ್ಮ

ಓನರಮ್ಮನವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ಇಳಿದಿತ್ತು. ಬುರ್ಖಾ ಹಾಕಿಕೊಂಡು ಹೊರಟಾಗಲೂ ಅದು ಮರೆಯಾಗುತ್ತಿರಲಿಲ್ಲ. ಬೀದಿಯ ಆ ತುದಿಯಲ್ಲಿ ಹೆಂಗಸರ ಗುಂಪೇ ಬರುತ್ತಿದ್ದರೂ ಇವರು ಯಾರೆಂದು ಗುರುತಿಸಬಹುದಿತ್ತು. ಮೊದಮೊದಲು ನಾನು ಅದು ಹುಟ್ಟಿನಿಂದ ಬಂದ ಊನವೆಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಹಾಸಿಗೆ ಹಿಡಿದ ಗಂಡನನ್ನು ದಿನಕ್ಕೆ ಎಷ್ಟೋ ಸಲ ಎತ್ತಿ ಕೂರಿಸಿ, ಎತ್ತಿ ಮಲಗಿಸಿ, ಮೂಳೆಯೇ ಹಾಗೆ ಕೂತುಬಿಟ್ಟಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಗುಬ್ಬಿಯ ಶಾಲೆಯೊಂದರಲ್ಲಿ ಟೀಚರು. ನನ್ನ ಗಂಡನಿಗೆ ಕುಣಿಗಲ್ಲಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಇಬ್ಬರಿಗೂ ನಡುವೆಯಾಗಲಿ ಎಂದು ತುಮಕೂರಿನಲ್ಲಿ ಮನೆ ಹುಡುಕಿ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಇವರ ಮನೆಯ ಹಿಂಭಾಗಕ್ಕೆ ಬಾಡಿಗೆಗೆ ಬಂದೆವು. ನಡುವೆ ಒಂದು ಅಂಗಳ, ಅಂಗಳದಲ್ಲಿ ಒಂದೇ ನಲ್ಲಿ. ಮೊದಲ ದಿನವೇ ಹೇಳಿದರು: "ನೀವು ತಿನ್ನೋದು ನಿಮ್ಗೆ, ನಾವು ತಿನ್ನೋದು ನಮ್ಗೆ. ನಲ್ಲಿ ಮಾತ್ರ ಇಬ್ರಿಗೂ ಒಂದೇ. ಒಂದು ತೊಟ್ಟು ಚೆಲ್ಲಿದ್ರೂ ಜಗಳ ಮಾಡ್ತೀನಿ, ಬೇಜಾರ್ ಮಾಡ್ಕೋಬಾರ್ದು."

ಹೇಳಿದಂತೆ ಜಗಳವನ್ನೂ ಮಾಡಿದರು. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದದ್ದಕ್ಕೆ ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಮೂರನೆಯ ವಾರ ನನಗೆ ಟೈಫಾಯ್ಡ್ ಆದಾಗ ತಾವೇ ಬಂದು ತಲೆಗೆ ತಣ್ಣೀರು ಬಟ್ಟೆ ಹಾಕಿ ಕುಳಿತರು. ಹಣೆಯ ಮೇಲಿನ ಬಟ್ಟೆ ಬದಲಾಯಿಸುತ್ತಲೇ, "ಆ ಮೊಳೆ ಇನ್ನೂ ಅಲ್ಲೇ ಇದೆಯಲ್ರೀ" ಎಂದು ಗೊಣಗಿದರು. ಸಿಹಿಯಾದ ಹೆಂಗಸಲ್ಲ, ಆದರೆ ಎಲ್ಲಿ ಯಾರಿಗೆ ಏನು ಬೇಕೋ ಅದು ಅವರ ಕಣ್ಣಿಗೆ ಬೀಳುತ್ತಿತ್ತು. "ಅಲ್ಲಾನ ಮೇಲೆ ಭರವಸೆ ಇಡು, ಬಾಗಿಲಿಗೆ ಚಿಲಕಾನೂ ಹಾಕು" ಎನ್ನುವುದು ಅವರ ಬಾಯಿಯ ಮಾತು.

ಅವರ ಯಜಮಾನರು, ನಾವೆಲ್ಲ ಸಾಹೇಬರೆಂದು ಕರೆಯುತ್ತಿದ್ದವರು, ತಗಡಿನ ಟ್ರಂಕುಗಳನ್ನು ಮಾಡಿಸಿ ಮಾರುವ ಅಂಗಡಿ ಇಟ್ಟಿದ್ದವರು. ನಾವು ಹೋಗುವ ಹೊತ್ತಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಅಂಗಡಿ ತಮ್ಮನ ಕೈಗೆ ಹೋಗಿತ್ತು. ಸಾಹೇಬರಿಗೆ ಉಳಿದಿದ್ದು ಎಡಗೈ ಮತ್ತು ಸಿಟ್ಟು. ಎಡಗೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ತೊದಲುವ ನಾಲಿಗೆಯಲ್ಲಿ ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಒಮ್ಮೆ ಗಂಜಿಯ ಬಟ್ಟಲು ಅಂಗಳದವರೆಗೂ ಹಾರಿ ಬಂತು. ನಾನು ಮುಖ ಸಣ್ಣದು ಮಾಡಿಕೊಂಡಾಗ ಓನರಮ್ಮ ಬಟ್ಟಲನ್ನು ತೊಳೆಯುತ್ತಾ, "ಬೈಲಿ ಬುಡಮ್ಮ. ನಾಲಿಗೆ ಅರ್ಧ ಸತ್ತಿದೆ, ಇರೋ ಅರ್ಧನಾದ್ರೂ ಓಡಾಡ್ಲಿ" ಅಂದರು.

ಮೆಕ್ಕಾ ನೋಡಿಯೇ ಸಾಯಬೇಕು ಎಂಬುದು ಸಾಹೇಬರ ಹಟ. ಆಗ ನಮ್ಮ ಕಡೆಯ ಬಹಳ ಜನ ಹಜ್ಜಿಗೆ ಬೊಂಬಾಯಿಯಿಂದ ಹಡಗಿನಲ್ಲೇ ಹೋಗುತ್ತಿದ್ದರು. ಸಾಹೇಬರು, ಓನರಮ್ಮ, ಎತ್ತಿ ಇಳಿಸಲು ಜೊತೆಗೆ ಮೈದುನ ಎಂದು ತೀರ್ಮಾನವಾಯಿತು. ಹಡಗಿನಲ್ಲಿ ಜನ ಕಿಕ್ಕಿರಿದು ಮಲಗುವ ದೊಡ್ಡ ಹಾಲಿನಲ್ಲಿ ರೋಗಿಯನ್ನು ಒಯ್ಯುವುದು ಆಗದ ಮಾತು, ಕ್ಯಾಬಿನ್ನೇ ಬೇಕು. ಮೈದುನ ಬೆಂಗಳೂರಿನ ಏಜೆಂಟನಿಂದ ಹಡಗಿನ ನಕ್ಷೆಯೊಂದನ್ನು ತಂದುಕೊಟ್ಟ. ಓನರಮ್ಮನಿಗೆ ಉರ್ದು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ನಕ್ಷೆಯನ್ನು ನನ್ನ ಮುಂದೆ ಹರಡಿದರು.

"ಟೀಚರಮ್ಮ, ಇದ್ರಲ್ಲಿ ಕಿಟಕಿ ಇಲ್ದಿರೋ ರೂಮು ಯಾವ್ದು, ತೋರಿಸಿ."

"ಕಿಟಕಿ ಇಲ್ಲದ್ದಾ? ಎಲ್ರೂ ಕಿಟಕಿ ಇರೋದನ್ನೇ ಕೇಳ್ತಾರಲ್ಲ?"

"ಎಲ್ರಿಗೂ ಎರಡು ಕೈ ಇದಾವೆ," ಅಂದರು.

ಅಷ್ಟು ಹೊತ್ತಿಗೆ ಅವರು ವಿಚಾರಿಸಿಕೊಂಡಾಗಿತ್ತು. ಹಿಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಕುಣಿಗಲ್ಲಿಗೆ ಹೋಗಿ, ಹಜ್ ಮುಗಿಸಿ ಬಂದಿದ್ದ ತಮ್ಮ ದೂರದ ನೆಂಟರ ಮುದುಕಿಯೊಬ್ಬರನ್ನು ಕಂಡು ಬಂದಿದ್ದರು. ಆ ಅಜ್ಜಿ ಎಲೆಯಡಿಕೆ ಜಗಿಯುತ್ತಾ, ಅಂಗೈಯನ್ನು ಹಡಗಿನಂತೆ ಅತ್ತಿತ್ತ ವಾಲಿಸಿ ತೋರಿಸಿದ್ದರು. "ಮೂತಿ ಕಡೆ ರೂಮು ತಗೋಬೇಡ, ತೊಟ್ಟಿಲು ತೂಗ್ದಂಗೆ ತೂಗ್ತದೆ. ನಟ್ಟನಡೂಕೆ ತಗೊ. ಹೊರಗಡೆ ರೂಮ್ಗೆ ಕಿಟಕಿ ಇರ್ತದೆ, ಸರಿ. ಕಿಟಕಿ ಇಟ್ಕೊಂಡು ಏನ್ ಮಾಡ್ತೀಯಾ? ನೀರು ಬಿಟ್ರೆ ನೀರು. ಅಲ್ಲಿ ಮಂಚಾನೂ ಸಣ್ಣದು, ಒಂದರ ಮೇಲೊಂದು. ಒಳಗಡೆದು ಕತ್ಲೆ, ಆದ್ರೆ ಅಗಲ." ನಾನು ಅದನ್ನು ಹರಟೆಯೆಂದು ಬಿಟ್ಟಿದ್ದೆ, ಅವರು ಬಿಟ್ಟಿರಲಿಲ್ಲ.

ನಾನು ನಕ್ಷೆಯಲ್ಲಿ ಒಳಗಿನ ಕ್ಯಾಬಿನ್ನುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಕೆಳಗೆ ಎರಡು ಮಂಚ, ಮೇಲೆ ಒಂದು ಇರುವುದು ಬೇಕು ಎಂದರು. ಬಚ್ಚಲುಮನೆ ಹತ್ತಿರವಿರಬೇಕು, ನಡುವೆ ಮೆಟ್ಟಿಲು ಬರಬಾರದು, ತಿರುವು ಇರಬಾರದು. ಕೊನೆಗೆ ಉಳಿದಿದ್ದು ಎದುರುಬದುರಿನ ಎರಡು ಕ್ಯಾಬಿನ್ನು. ನನಗೆ ಎರಡೂ ಒಂದೇ ಎಂದು ಕಂಡಿತು. ಅವರು ನನ್ನಿಂದ ಸೀಮೆಸುಣ್ಣ ಈಸಿಕೊಂಡು ಅಂಗಳದ ಕಲ್ಲುಚಪ್ಪಡಿಯ ಮೇಲೆ ಕ್ಯಾಬಿನ್ ಬರೆದೇಬಿಟ್ಟರು. ಇಲ್ಲಿ ಬಾಗಿಲು, ಇಲ್ಲಿ ಗೋಡೆ. ಹಗ್ಗದ ಮಂಚ ತಂದು ಗೋಡೆಯ ಗೆರೆಗೆ ಒತ್ತಿ ಇಟ್ಟರು.

"ಮಲಕ್ಕೊಳ್ಳಿ," ಅಂದರು.

"ನಾನಾ?"

"ಹ್ಞೂ. ನೀವೀಗ ಸಾಹೇಬ್ರು. ಬಲಗೈ, ಬಲಗಾಲು ಆಡಿಸ್ಬೇಡಿ. ಸತ್ತಿದಾವೆ."

ನಗುತ್ತಾ ಮಲಗಿದೆ. ಓನರಮ್ಮ ಮಂಚದ ಎಡಗಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತಿದರು. ಮಂಚ ಬಲಕ್ಕೆ ವಾಲಿತು. ಹಿಡಿದುಕೊಳ್ಳಲು ಬಲಗೈ ಇಲ್ಲ; ನಾನು ಮೂಟೆಯಂತೆ ನೆಲಕ್ಕೆ ಉರುಳಿದೆ. ಮೊಣಕೈ ತರಚಿತು. ಅವರು ನನ್ನನ್ನು ಎಬ್ಬಿಸದೆ ಮಂಚವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಮಂಚವನ್ನು ಎಳೆದು ನಿಜವಾದ ಗೋಡೆಗೆ, ನನ್ನ ಬಲಮಗ್ಗುಲು ಗೋಡೆಗೆ ತಾಗುವಂತೆ ಇಟ್ಟು ಮತ್ತೆ ಮಲಗಿಸಿದರು. ಈ ಸಲ ಎಷ್ಟು ವಾಲಿಸಿದರೂ ಬೀಳಲಿಲ್ಲ. ಬಲಕ್ಕೆ ವಾಲಿದರೆ ಗೋಡೆ ತಡೆಯಿತು. ಎಡಕ್ಕೆ ವಾಲಿದರೆ ಎಡಗೈಯಲ್ಲಿ ಮಂಚದ ಚೌಕಟ್ಟು ಹಿಡಿದುಕೊಂಡೆ.

"ಬಲಕ್ಕೆ ಗೋಡೆ, ಎಡಕ್ಕೆ ನಾನು," ಎಂದರು ಓನರಮ್ಮ. ಎದುರಿನ ಕೆಳಮಂಚ ತಮ್ಮದು. ಕೈಚಾಚಿದರೆ ಗಂಡನ ಎಡಗೈ ಸಿಗುವಷ್ಟು ದೂರ. ಇನ್ನೊಂದು ಕ್ಯಾಬಿನ್ನಿನಲ್ಲಿ ಕೆಳಮಂಚಗಳು ಒಂದೇ ಗೋಡೆಗೆ ಒಂದರ ಹಿಂದೊಂದು ಇದ್ದವು; ಆ ಲೆಕ್ಕದಲ್ಲಿ ಎರಡರಲ್ಲಿ ಒಂದೇ ಕ್ಯಾಬಿನ್ ಸರಿಯಿತ್ತು. ನಾನು ಅದರ ನಂಬರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಕೊಟ್ಟೆ. ಮೈದುನ ಬೊಂಬಾಯಿಗೆ ಹೋಗಿ ಅದನ್ನೇ ಮಾಡಿಸಿಕೊಂಡು ಬಂದ. ಆ ವಾರವೆಲ್ಲ ಓನರಮ್ಮ ನಲ್ಲಿಯ ವಿಷಯಕ್ಕೆ ಜಗಳವಾಡಲಿಲ್ಲ.

ಹೊರಡಲು ಇನ್ನೂ ಸಮಯವಿತ್ತು. ಒಂದು ಸಂಜೆ ಮೈದುನ ಹೆಂಡತಿಯನ್ನೂ ಕರೆದುಕೊಂಡು ಬಂದ. ಆಕೆ ನಿಟ್ಟೂರಿನ ಹುಡುಗಿ, ಓನರಮ್ಮನಿಗಿಂತ ತುಂಬಾ ಚಿಕ್ಕವಳು, ಯಾವ ಮಾತಿಗೂ ನಗುತ್ತಿದ್ದಳು. ನಾನು ಅಲ್ಲೇ ಕುಳಿತಿದ್ದೆ. ಮನೆಯಲ್ಲಿ ಅವರ ಮಾತು ಉರ್ದುವಾದರೂ ನಾನಿದ್ದರೆ ಮರ್ಯಾದೆಗೆ ಕನ್ನಡದಲ್ಲೇ ಆಡುತ್ತಿದ್ದರು.

"ಭಾಬಿ, ಹಡಗಲ್ಲಿ ಅಣ್ಣನ್ನ ಎತ್ತೋಕೆ ಗಂಡಸ್ರೇ ಆಗ್ಬೇಕು," ಎಂದ ಮೈದುನ. "ನಾನಂತೂ ಇದೀನಿ. ಇವಳೂ ಬರ್ತೀನಿ ಅಂತ ಕೂತವ್ಳೆ. ಇರೋದು ಮೂರೇ ಜಾಗ. ಇಲ್ಲಿ ನಮ್ಮ ಮಕ್ಳನ್ನ ನೋಡ್ಕೊಳೋಕೂ ಒಬ್ರು ಬೇಕಲ್ಲ? ಅಣ್ಣನ್ನ ಕೇಳಿದೀನಿ. ಹ್ಞೂ ಅಂದವ್ರೆ."

ಓನರಮ್ಮ ಗಂಡನ ಕಡೆ ತಿರುಗಿದರು. ಸಾಹೇಬರು ಸೂರು ನೋಡುತ್ತಿದ್ದರು. ಹಾಗೇ ನೋಡುತ್ತಾ ತೊದಲಿದರು: "ನೀನ್ ಇರು. ಮುಂದಿನ್ ಸಲ ಹೋಗೋವಂತೆ."

ಗಂಜಿ ಕುಡಿಸುವ ಹೊತ್ತಾಗಿತ್ತು. ಓನರಮ್ಮ ಎದ್ದು ಹೋಗಿ ಗಂಜಿ ತಂದು, ಗಂಡನ ಕತ್ತಿಗೆ ಬಟ್ಟೆ ಕಟ್ಟಿ, ಒಂದೊಂದೇ ಚಮಚ ಕುಡಿಸಿದರು.

ಮಾರನೆಯ ದಿನ ನನಗೇ ತಡೆಯಲಾಗಲಿಲ್ಲ. "ನೀವ್ಯಾಕೆ ಸುಮ್ನಿದ್ರಿ?" ಎಂದು ಕೇಳಿದೆ.

"ಏನ್ ಹೇಳ್ಲಿ? ಅಂಗಡಿ ಅವ್ನ ಕೈಲಿ. ಇವ್ರೂ ಅವ್ನ ಕೈಲಿ." ಬಟ್ಟೆ ಹಿಂಡುತ್ತಾ ಹೇಳಿದರು. "ಮುಂದಿನ ಸಲ ಅಂದ್ರಲ್ಲ, ಯಾರ ಜೊತೆ ಹೋಗ್ಲಿ? ಗಂಡನೋ ಮಗನೋ ಒಡಹುಟ್ಟಿದವ್ನೋ ಇಲ್ದೆ ಹೆಂಗಸನ್ನ ಹಡಗು ಹತ್ತಿಸಲ್ಲ. ನನಗೆ ಮಗ ಇಲ್ಲ, ಅಣ್ಣತಮ್ಮ ಇಲ್ಲ. ಇದು ಅವ್ರಿಗೂ ಗೊತ್ತು."

ಆದರೂ ವಾರಗಿತ್ತಿಯನ್ನು ದಿನವೂ ಕರೆಸಿಕೊಂಡು ಎಲ್ಲ ಕಲಿಸಿದರು. ಮಗ್ಗುಲು ಹೊರಳಿಸುವುದು ಹೇಗೆ, ಬೆನ್ನಿಗೆ ಪೌಡರ್ ಎಲ್ಲಿ ಹಾಕಬೇಕು, ಸಿಟ್ಟು ಬಂದಾಗ ಯಾವ ಬಟ್ಟಲು ಕೈಗೆ ಕೊಡಬಾರದು. ಆಕೆ "ಆಯ್ತು ಆಪಾ, ಆಯ್ತು ಆಪಾ" ಅನ್ನುತ್ತಾ ಬಳೆ ತಿರುಗಿಸಿಕೊಳ್ಳುತ್ತಿದ್ದಳು. ಬೊಂಬಾಯಿಗೆ ಹೋಗಲು ತುಮಕೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದಾಗ ಬಂಧುಬಳಗದವರು ಹೂವಿನ ಹಾರ ಹಾಕಿ, ಅಲ್ಲಿ ನಮಗಾಗಿ ದುವಾ ಮಾಡಿ ಎಂದು ಕೈಹಿಡಿದು ಬೇಡಿಕೊಳ್ಳುತ್ತಿದ್ದರು. ಓನರಮ್ಮ ಕೇಳಿದ್ದು ಅದನ್ನಲ್ಲ. ಕಂಬಿಯೊಳಗೆ ಕೈ ತೂರಿಸಿ ವಾರಗಿತ್ತಿಯ ಮುಂಗೈ ಹಿಡಿದು, "ಬಲಕ್ಕೆ ಗೋಡೆ, ಎಡಕ್ಕೆ ನೀನು. ಮರೀಬೇಡ ಕಣೇ," ಎಂದರು. ರೈಲು ಹೋದಮೇಲೆ ಮೈದುನನ ಇಬ್ಬರು ಮಕ್ಕಳ ಕೈಹಿಡಿದುಕೊಂಡು ಮನೆಗೆ ನಡೆದರು.

ಟೆಲಿಗ್ರಾಂ ಬಂದಾಗ ಓದಿ ಹೇಳಿದವಳು ನಾನೇ. ಹಡಗು ಇಳಿದ ಜೆಡ್ಡಾದಲ್ಲೇ, ಆಸ್ಪತ್ರೆಯಲ್ಲಿ, ಸಾಹೇಬರು ತೀರಿಕೊಂಡಿದ್ದರು. ಮೆಕ್ಕಾವನ್ನು ನೋಡಲಾಗಲಿಲ್ಲ. ಕೇರಿಯ ಹೆಂಗಸರು ಬಂದು, ಎಂಥ ಪುಣ್ಯವಂತರು, ಆ ಮಣ್ಣು ಎಷ್ಟು ಜನಕ್ಕೆ ಸಿಗುತ್ತೆ, ಅಳಬೇಡ ಎಂದು ಸಮಾಧಾನ ಹೇಳಿದರು. ಓನರಮ್ಮ ಅಳುತ್ತಿರಲಿಲ್ಲ. "ಏನಾಗಿತ್ತಂತೆ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಯಾರಿಗೆ ಗೊತ್ತಿರುತ್ತದೆ?

ಹಜ್ ಮುಗಿಸಿ ಮೈದುನ ದಂಪತಿಗಳು ಬರುವಾಗ ಓನರಮ್ಮ ಗಂಡ ಸತ್ತ ಹೆಂಗಸು ಮನೆಯೊಳಗೇ ಕೂರಬೇಕಾದ ಇದ್ದತ್ತಿನಲ್ಲಿದ್ದರು. ಮೈದುನನೂ ಎದುರು ಬರುವಂತಿರಲಿಲ್ಲ. ಅವನು ಪರದೆಯ ಆಚೆ ಹಾಲಿನಲ್ಲಿ ಕುಳಿತ. ಒಳಗೆ ಓನರಮ್ಮ, ವಾರಗಿತ್ತಿ, ನಾನು. ಆಕೆ ಖರ್ಜೂರ, ಮೆಕ್ಕಾದ ಜಂಜಂ ಬಾವಿಯ ನೀರು ಮುಂದಿಟ್ಟು ಭಾವನನ್ನು ನೆನೆದು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಪ್ರಯಾಣದ ಮಾತು ಬಂತು. ಪಾಪ, ಆಕೆ ಮನೆಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು.

"ಸಮುದ್ರ ಅಂದ್ರೆ ಆಪಾ, ಬೆಳಿಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ! ನಾನಂತೂ ಕಿಟಕಿ ಬಿಟ್ಟು ಏಳ್ತಾನೇ ಇರ್ಲಿಲ್ಲ."

"ಯಾವ ಕಿಟಕಿ?" ಎಂದರು ಓನರಮ್ಮ.

ಆಕೆಯ ಕೈ ಬಾಯಿಗೆ ಹೋಯಿತು. ಪರದೆಯ ಆಚೆಯಿಂದ ಮೈದುನನೇ ಹೇಳಿದ: "ಆ ಒಳಗಡೆದು ಗೂಡಿದ್ದಂಗಿತ್ತು ಭಾಬಿ. ಬೇರೆ ಊರಿನ ಒಂದು ಕುಟುಂಬ ಬದಲಾಯಿಸ್ಕೊಳ್ತೀರಾ ಅಂತ ಕೇಳ್ತು. ಅವ್ರದ್ದು ಕಿಟಕಿ ಇದ್ದಿದ್ದು. ಇವಳಿಗೂ ಆಸೆ. ಅಣ್ಣನ್ಗೂ ಗಾಳಿಬೆಳಕು ಸಿಗ್ಲಿ ಅಂತ..."

"ಅವ್ರ ಮಂಚ ಯಾವ ಕಡೆಗಿತ್ತು?"

ಓನರಮ್ಮ ವಾರಗಿತ್ತಿಯನ್ನು ಕೇಳಿದರು. "ಗೋಡೆ ಯಾವ ಕೈಗಿತ್ತು? ಹೇಳು."

"ಎಡಗೈಗೆ," ಎಂದಳಾಕೆ. "ಕೆಳಗೆ ಒಂದೇ ಮಂಚ ಆಪಾ ಅಲ್ಲಿ. ನಾನು ಮೇಲೆ..."

"ಬಿದ್ರಾ?"

"ಮಧ್ಯಾಹ್ನ. ನಾವು ಊಟಕ್ಕೆ ಹೋಗಿದ್ವಿ. ಹಡಗು ವಾಲ್ತು. ಬಂದು ನೋಡಿದ್ರೆ ಕೆಳಗಿದ್ರು. ಸೊಂಟ ಮುರಿದಿತ್ತು."

"ತಲೆ ಈ ಕಡೆ ಕಾಲು ಆ ಕಡೆ ಮಾಡಿ ಮಲಗಿಸಿದ್ರೆ ಬಲಕ್ಕೆ ಗೋಡೆ ಸಿಗ್ತಿತ್ತಲ್ಲೇ?"

ವಾರಗಿತ್ತಿ ಬೆರಗಿನಿಂದ ಅವರ ಮುಖ ನೋಡಿದಳು. ಮನಸ್ಸಿನಲ್ಲೇ ಆ ಮಂಚವನ್ನು ತಿರುಗಿಸಿ ನೋಡುತ್ತಿದ್ದಳೆಂದು ಕಾಣುತ್ತದೆ. "ಹೊಳೀಲೇ ಇಲ್ಲ ಆಪಾ," ಎಂದು ಬಿಕ್ಕಿದಳು.

ಓನರಮ್ಮ ಕೂಗಾಡಲಿಲ್ಲ. ಖರ್ಜೂರದ ತಟ್ಟೆಯನ್ನು ಆಕೆಯ ಕಡೆಗೇ ಸರಿಸಿ, "ಮಕ್ಳಿಗೆ ಕೊಡು. ಈಗ ಹೋಗಿ," ಎಂದರು. ಅಂದಿನಿಂದ ಮೈದುನನ ಜೊತೆ ಅವರ ಮಾತು ನಿಂತುಹೋಯಿತು. ಮಕ್ಕಳು ಬಂದರೆ ಊಟ ಹಾಕುತ್ತಿದ್ದರು. ಆದರೆ ಬೀದಿಯಲ್ಲಿ ಜನ ಅವನನ್ನು "ಹಾಜಿ ಸಾಹೇಬ್ರೆ" ಎಂದು ಕರೆಯುವುದು ಕಿವಿಗೆ ಬಿದ್ದರೆ ಕೈಲಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು. "ಕಿಟಕಿ ಹಾಜಿ," ಎಂದು ಒಮ್ಮೆ ನನ್ನೆದುರು ಅಂದರು. ಅದರಲ್ಲಿ ತಮಾಷೆಯಿರಲಿಲ್ಲ.

"ಆರು ವರ್ಷ ಬೀಳ್ದಂಗೆ ಇಟ್ಕೊಂಡಿದ್ದೆ ಕಣಮ್ಮ," ಎಂದು ಇನ್ನೊಂದು ದಿನ ಅಂದರು. "ಮೆಕ್ಕಾಕ್ಕೆ ನನ್ನ ಕರ್ಕೊಂಡು ಹೋಗ್ಲಿಲ್ಲ ಅಂತ ನನಗೆ ಸಂಕಟ ಇಲ್ಲ ಅಂದ್ರೆ ಸುಳ್ಳು. ಇದೆ. ಆದ್ರೆ ಅದು ಎರಡ್ನೇದು."

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಗಂಡನಿಗೂ ಗುಬ್ಬಿಗೆ ವರ್ಗವಾಗಿ ನಾವು ಆ ಮನೆ ಬಿಟ್ಟೆವು. ಕೀಲಿಕೈ ಕೊಡುವಾಗ ಓನರಮ್ಮ ಮೊಳೆಯ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನನ್ನು ತಬ್ಬಿಕೊಂಡರು. ಕೆಲವು ವರ್ಷಗಳ ಮೇಲೆ, ಹೊಟ್ಟೆಯ ಯಾವುದೋ ರೋಗದಿಂದ ಇನ್ನು ದಿನಗಳ ಮಾತು ಎಂದು ಗೊತ್ತಾಗಿ ನೋಡಲು ಹೋದೆ. ಗುಬ್ಬಚ್ಚಿಯಷ್ಟಾಗಿದ್ದರು. ವಾರಗಿತ್ತಿಯೇ ಆರೈಕೆ ಮಾಡುತ್ತಿದ್ದಳು. ಆಕೆಯ ನಗು ಎಂದೋ ನಿಂತುಹೋಗಿತ್ತು.

ನಾನಿರುವಾಗಲೇ ಮೈದುನ ಬಂದ. ಗಡ್ಡ ನರೆತಿತ್ತು. ಹೋಗುವವರ ಬಳಿ ತಪ್ಪೊಪ್ಪು ಕ್ಷಮಿಸಿ ಎಂದು ಕೇಳಿಕೊಳ್ಳುವುದು ಅವರಲ್ಲಿ ಪದ್ಧತಿ. ಅವನು ಮಂಚದ ಕಾಲ ಬಳಿ ನಿಂತು ಉರ್ದುವಿನಲ್ಲಿ ಕೇಳಿದ. ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರೆಂದು ನಾನು ಹೇಳಲಾರೆ. ಒಳಗೆ ವಾರಗಿತ್ತಿ ಮತ್ತು ನಾನು; ನೆಂಟರೆಲ್ಲ ಬಾಗಿಲಾಚೆ ಕಾದಿದ್ದರು. ಓನರಮ್ಮ ಕಣ್ಣು ತೆರೆದು ಮೊದಲು ನನ್ನನ್ನು ನೋಡಿದರು. ಆಮೇಲೆ, ನನಗೂ ತಿಳಿಯಲೆಂದೇ ಇರಬೇಕು, ಕನ್ನಡದಲ್ಲಿ ಹೇಳಿದರು:

"ನನ್ನ ಪಾಲಿಂದು ಮಾಫ್ ಮಾಡಿದೀನಿ. ಅವ್ರ ಪಾಲಿಂದು ನನ್ನ ಹತ್ರ ಇಲ್ಲ. ಅಲ್ಲಿಗೆ ಬಂದಾಗ ಅವ್ರನ್ನೇ ಕೇಳ್ಕೊ."

ಅವನು ಕಣ್ಣೊರೆಸಿಕೊಂಡು ಹೊರಗೆ ಹೋಗಿ ಕಾದಿದ್ದವರಿಗೆ, "ಭಾಬಿ ಮಾಫ್ ಮಾಡಿದ್ರು" ಎಂದ. ಎಲ್ಲರೂ ಅಲ್ಲಾನಿಗೆ ವಂದನೆ ಹೇಳಿದರು. ಮೂರನೆಯ ದಿನ ಓನರಮ್ಮ ತೀರಿಕೊಂಡರು. ಎಷ್ಟು ದೊಡ್ಡ ಮನಸ್ಸು, ಎಲ್ಲವನ್ನೂ ಮನ್ನಿಸಿ ಹೋದರು ಎಂದು ಕೇರಿಯ ಜನ ಈಗಲೂ ಹೇಳುತ್ತಾರೆ. ಆ ಮಾತಿನ ಉಳಿದರ್ಧ ಕೇಳಿಸಿಕೊಂಡವರಲ್ಲಿ ಇಬ್ಬರು ಅದನ್ನು ಹೇಳುವವರಲ್ಲ. ನಾನೊಬ್ಬಳು ಹೇಳಬೇಕಿತ್ತು, ಹೇಳಿದ್ದೇನೆ.