ಇಪ್ಪತ್ತಮೂರನೆಯ ಅಂಗಡಿ

ಸೇಡಂನಿಂದ ಬಂದ ಮೊದಲ ಬಸ್ಸು ಶಹಾಬಾದಿನಲ್ಲಿ ನಿಂತಾಗ ಬಿಸಿಲು ಇನ್ನೂ ಎಳೆಯದು. ವಿಭೂತಿ ಹಣೆಯ ಭುವನೇಶ್ವರಿ ಹೆಗಲ ಚೀಲ ಅವುಚಿಕೊಂಡು ಇಳಿಯುತ್ತಾರೆ. ನಡಿಗೆಯಲ್ಲ ಅದು, ಅರ್ಧ ಓಟ. ಗನಿಸಾಬರು ಫೋಟೊ ಸ್ಟುಡಿಯೊದ ಶಟರ್ ಎತ್ತುತ್ತಿದ್ದಾರೆ.

"ಚಾಚಾ, ಮೊದಲ ನೆಟ್ ಬಂದ್ ಮಾಡ್ರಿ. ಚಾ ಆಮ್ಯಾಲ."

"ಮೂರು ವರ್ಷ ಆತು ಬೇಟಿ, ಕಂಪ್ಯೂಟರಿನ್ಯಾಗ ಆಂಟಿವೈರಸ್ಸಿನ ಹಸಿರು ಟಿಕ್ ಹಂಗೇ ಅದ. ಹಾಕಿದಾಕಿ ನೀನೇ, ಈಗ ಬ್ಯಾಡ ಅನ್ನಾಕಿನೂ ನೀನೇ!"

"ನಾನೇ ಹಾಕಿದ್ದಕ್ಕ ಓಡಿ ಬಂದೀನ್ರಿ."

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ: ಈ ಐದೂರುಗಳ ಕಂಪ್ಯೂಟರ್ ಕೆಟ್ಟರೆ ಹೋಗುವುದು ಭುವನೇಶ್ವರಿಗೇ ಫೋನು. ದಿನಕ್ಕೆ ಏಳೆಂಟು ಯಂತ್ರ ಬಿಚ್ಚುತ್ತಾರೆ. ಮೂರು ವರ್ಷದ ಹಿಂದೆ ಅವರ ಕೈಗೆ ಒಂದು 'ಕ್ರ್ಯಾಕ್' ಸಿಕ್ಕಿತು. ಆಂಟಿವೈರಸ್ಸಿನ ಲೈಸೆನ್ಸ್ ಕೇಳದಂತೆ ಬಾಯಿ ಮುಚ್ಚಿಸುವ ಪುಟ್ಟ ಕಳ್ಳ ಪ್ರೋಗ್ರಾಂ. ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಈ ಕಡೆ ಇಲ್ಲ. ಅದೇ ಧಾರಾಳದಲ್ಲಿ ಒಂದೇ ಪೆನ್‌ಡ್ರೈವಿನಿಂದ ಇಪ್ಪತ್ತಮೂರು ಅಂಗಡಿಗೆ ಹಂಚಿದರು.

"ಆ ಕ್ರ್ಯಾಕ್ ಮೊದಲ ಹೇಳಿದ್ದೇ, ಚಾಚಾ, 'ಐದು ನಿಮಿಷ ಆಂಟಿವೈರಸ್ ಬಂದ್ ಮಾಡು' ಅಂತ. ಕಾವಲುನಾಯಿ ಕಣ್ಣು ಕಟ್ಟಿ ಬಾಗಿಲು ತೆಗೆದಂಗ. ಅವತ್ತೇ ತಿಳೀಬೇಕಿತ್ತ್ರಿ ನನಗ."

ತಿಳಿದದ್ದು ಹೋದ ತಿಂಗಳು. ಚಿಂಚೋಳಿಯ ಅಂಬಾರಾಯನ ಆನ್‌ಲೈನ್ ಸೆಂಟರಿನಲ್ಲಿ ಕಂಪ್ಯೂಟರಿನಲ್ಲಿದ್ದ ಜನರ ಪಿಂಚಣಿ ಕಾಗದಗಳಿಗೆಲ್ಲ ವೈರಸ್ಸಿನ ಬೀಗ ಬಿತ್ತು. ಒಂದೂ ತೆರೆಯಲಿಲ್ಲ. ಪರದೆಯ ಮೂಲೆಯಲ್ಲಿ 'ಎಲ್ಲ ಸರಿ' ಎನ್ನುವ ಹಸಿರು ಟಿಕ್ ಮಾತ್ರ ನಗುತ್ತಲೇ ಇತ್ತು. ವರ್ಷಗಳಿಂದ ಆ ಆಂಟಿವೈರಸ್ಸಿಗೆ ಹೊಸ ವೈರಸ್ಸಿನ ಸುದ್ದಿಯೇ ಮುಟ್ಟಿರಲಿಲ್ಲ. ಅಂದಿನಿಂದ ಭುವನೇಶ್ವರಿ ಅಂಗಡಿ ಅಂಗಡಿ ತಿರುಗುತ್ತಾರೆ. ತಪ್ಪು ಮುಚ್ಚಿಡುವುದು ಸುಲಭ, ಹೊಸ್ತಿಲ ಹೊಸ್ತಿಲಿಗೆ ಹೋಗಿ ಒಪ್ಪಿಕೊಳ್ಳುವುದು ಕಷ್ಟ. ಇಂದಿನದು ಕೊನೆಯದು.

ಬಾಗಿಲಲ್ಲಿ ಜೈತುನ್ಬೀ ಪ್ರತ್ಯಕ್ಷ. "ಗನಿಭಾಯಿ, ನನ್ನ ಮಗಳು ಹಡಿಯೋದ್ರೊಳಗ ಮದಿವಿ ಫೋಟೊ ಕೊಡ್ತಿಯೋ ಇಲ್ಲೋ?"

ಗನಿಸಾಬರು ಕಂಪ್ಯೂಟರಿನ ಕಡೆ ತಿರುಗುತ್ತಾರೆ. ಕ್ಯಾಮೆರಾದ ಕಾರ್ಡು ಅಳಿಸಿ ಆಗಿದೆ. ಮದುವೆ ಇರುವುದು ಈ ಯಂತ್ರದಲ್ಲಿ ಮಾತ್ರ.

ಭುವನೇಶ್ವರಿ ಮನೆಯಿಂದ ತಂದ ಶುದ್ಧ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ ತಪಾಸಣೆಗೆ ಬಿಡುತ್ತಾರೆ. ಸಿಕ್ಕೇಬಿಟ್ಟವು, ಎರಡು! ಒಂದು ಪಾಸ್‌ವರ್ಡ್ ಕದ್ದು ಹೊರಗೆ ಸಾಗಿಸುತ್ತಿದೆ. ಇನ್ನೊಂದು ಚಿಂಚೋಳಿಯಲ್ಲಿ ಬೀಗ ಜಡಿದ ಅದೇ ಕೇಡು. ಇಲ್ಲಿನ್ನೂ ಕಣ್ಣು ಬಿಟ್ಟಿಲ್ಲ.

"ಅಂದ್ರ ಫೋಟೊ?" ಗನಿಸಾಬರು ಪರದೆಯತ್ತ ಬಾಗುತ್ತಾರೆ.

ಒಂದು ಚಿತ್ರ ತೆರೆಯುತ್ತದೆ. ಮತ್ತೊಂದು. ಆರುನೂರ ನಲವತ್ತೂ ಬಂದವು!

"ಯಾ ಅಲ್ಲಾ, ಅಳಿಯ ಇದರಾಗರ ನಗಾಕತ್ತಾನ!" ಜೈತುನ್ಬೀ ಚಪ್ಪಾಳೆ ತಟ್ಟುತ್ತಾರೆ.

ಚಿತ್ರಗಳು ಹೊಸ ಡಿಸ್ಕಿಗೆ ಸೇರುತ್ತವೆ. ಯಂತ್ರ ಪೂರಾ ಅಳಿಸಿ ಹೊಸದಾಗಿ ಸಜ್ಜಾಗುತ್ತದೆ. ಕಂಪ್ಯೂಟರಿನ ಜೊತೆಗೇ ಬರುವ ಕಾವಲು ಮತ್ತೆ ಎಚ್ಚರಾಗುತ್ತದೆ. ಗನಿಸಾಬರು ಫೋನಿನಲ್ಲಿ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸುತ್ತಾರೆ.

ಆಮೇಲೆ ಭುವನೇಶ್ವರಿ ಆ ಹಳೆಯ ಪೆನ್‌ಡ್ರೈವ್ ತೆಗೆದು ಹೊಸ್ತಿಲ ಶಹಾಬಾದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾರೆ. ಗನಿಸಾಬರು ತರಿಸಿದ ಚಹಾ ಆರಿದೆ, ಆದರೂ ಅವರ ಕಣ್ಣು ಹೊಳೆಯುತ್ತಿದೆ.

"ಆಸೆ ಒಂದೇ ರಿ. ಭುವನೇಶ್ವರಿ ಹಾಕಿದ್ದು ಅಂತ ಯಾರರ ಹಸಿರು ಟಿಕ್ ತೋರಿಸಿದ್ರ, ಅದು ಖರೇನೇ ಇರಬೇಕು."