ಪೆಂಟಮ್ಮನ ಒಣ ಬಾಯಿ

ನಮ್ಮ ನಲ್ಗೊಂಡದ ಕಡೆಯವರನ್ನು ಹಲ್ಲು ನೋಡಿಯೇ ಗುರುತಿಸುತ್ತಾರೆ. ಫ್ಲೋರೈಡ್ ತುಂಬಿದ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟಿ. ನನ್ನ ಪಕ್ಕದ ಮನೆ ಪೆಂಟಮ್ಮ ಅದಕ್ಕೇ ನಗುವಾಗೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅವಳ ಕಂಠ ಕೇಳಬೇಕಾದರೆ ಮೋಸಂಬಿ ತೋಟಕ್ಕೇ ಹೋಗಬೇಕು. ಗಿಡದ ಕಡೆ ಮುಖ ಮಾಡಿ, ಕಾಯಿ ಕೀಳುತ್ತಾ ಹಾಡುವಳು.

ಮಗಳು ಸ್ರವಂತಿ ಬೆಳೆದದ್ದು ಫಿಲ್ಟರ್ ನೀರಿನಲ್ಲಿ. ಹಲ್ಲು ಅಚ್ಚ ಬಿಳಿ. ನಿಶ್ಚಿತಾರ್ಥ ಗೊತ್ತಾದ ದಿನ ಅವಳಾಡಿದ ಮಾತು ಗೋಡೆಯಾಚೆ ನನಗೂ ಕೇಳಿಸಿತು.

"ಅಮ್ಮಾ, ವರಂಗಲ್‌ನ ಗಂಡಿನ ಕಡೆಯೋರ ಮುಂದೆ ನೀನು ಬಾಯಿ ಬಿಡಬೇಡ. ಆರತಿ ಹಾಡು ಚಿಕ್ಕಮ್ಮ ಹೇಳ್ಲಿ."

ನಮ್ಮಲ್ಲಿ ಆ ಹಾಡು ಹೆತ್ತವಳದ್ದು. ಪೆಂಟಮ್ಮ ಮರುದಿನ ನನ್ನನ್ನೂ ಎಳೆದುಕೊಂಡು ಪಟ್ಟಣದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ಮದ್ದು ಹಚ್ಚಿ, ಉಜ್ಜಿ ಉಜ್ಜಿ ಕಲೆ ತೆಗೆದರು. "ಹಲ್ಲಿನ ಮೇಲ್ಪದರ ತುಸು ಸವೆಸಿದ್ದೀನಿ. ಇನ್ನು ಅದನ್ನ ಗಟ್ಟಿ ಮಾಡೋದು, ಹೊಳಪು ಕೊಡೋದು ನಿಮ್ಮ ಉಗುಳೇ. ಅದರಲ್ಲಿರೋ ಸತ್ವ ಹಲ್ಲಿಗೆ ಇಳೀಬೇಕು. ಸ್ವಲ್ಪ ದಿನ ಚಹಾ, ಹುಳಿ ಬೇಡ. ನೀರು ಚೆನ್ನಾಗಿ ಕುಡೀರಿ."

ಪೆಂಟಮ್ಮ ತಲೆಯಾಡಿಸಿದಳು. ನಂಬಲಿಲ್ಲ. ನೀರೇ ಹಲ್ಲು ಕೆಡಿಸಿದ್ದು, ಉಗುಳೂ ಆ ನೀರಿನದ್ದೇ ಅಲ್ಲವೇ? ಮನೆಗೆ ಬಂದವಳೇ ನೀರು ಕುಡಿಯುವುದನ್ನು ಆದಷ್ಟು ಬಿಟ್ಟಳು. ಬಾಯಲ್ಲಿ ಊರಿದ್ದನ್ನೆಲ್ಲ ಉಗಿಯುವುದು, ಹಲ್ಲನ್ನು ಬಟ್ಟೆಯಿಂದ ಒರೆಸುವುದು, ಇದೇ ಕೆಲಸ. ಒಣಗಿದ ಹಲ್ಲು ಸುಣ್ಣದ ಬಿಳಿಯಾಗಿ ಕಂಡಾಗ ಅವಳಿಗೆ ಹಿಗ್ಗು. ಗಾಳಿ ಸೋಕಿದರೆ ಮಾತ್ರ ಜುಮ್ಮೆಂದು ಕಣ್ಣು ಮುಚ್ಚುತ್ತಿದ್ದಳು.

"ಓದಿದೋರ ಮಾತು ಕೇಳೇ, ಪೆದ್ದಿ" ಎಂದೆ.

"ನಿನ್ ಮಗಳು ನಿನಗೆ ಬಾಯಿ ಮುಚ್ಚು ಅಂದಿದ್ರೆ ಗೊತ್ತಾಗ್ತಿತ್ತಕ್ಕಾ."



ನಿಶ್ಚಿತಾರ್ಥದ ದಿನವೂ ಅವಳು ಹಿತ್ತಲಿಗೆ ಓಡಿ ಓಡಿ ಉಗಿದು ಬರುತ್ತಿದ್ದಳು. ವರನ ಸೋದರತ್ತೆ ಇದನ್ನು ನೋಡಿಬಿಟ್ಟಳು.

"ಏನಮ್ಮಾ ಸ್ರವಂತಿ, ನಿಮ್ಮಮ್ಮಂಗೆ ಜರ್ದಾ ಅಭ್ಯಾಸಾನಾ?"

ವರನ ಕಡೆಯವರು ನಕ್ಕರು. ಸ್ರವಂತಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪೆಂಟಮ್ಮ ಆರತಿ ತಟ್ಟೆ ಹಿಡಿದು ಹಾಡಲು ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಸ್ವರ ಹೊರಡಲಿಲ್ಲ. ಮತ್ತೆ ತೆರೆದಳು. ಕೆಮ್ಮು ಬಂತು. ನನಗೇ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಅವಳು ತಟ್ಟೆ ಕೆಳಗಿಟ್ಟಳು. ಕಣ್ಣು ನೆಲದಲ್ಲೇ ಇತ್ತು.

"ಜರ್ದಾ ಅಲ್ಲ ಅತ್ತಿಗೆ. ನನ್ ಹಲ್ಲು ಕಂದು ಇದ್ವು, ಉಜ್ಜಿಸ್ಕೊಂಡೆ. ಉಗುಳು ತಾಕಿದ್ರೆ ಮತ್ತೆ ಕಂದಾಗ್ತವೆ ಅಂತ ಉಗೀತಿದ್ದೆ. ಇವತ್ತೊಂದಿನ ನನ್ ಮಗಳಿಗೆ ನಾಚಿಕೆ ಆಗದಿದ್ರೆ ಸಾಕಿತ್ತು."

ಸೋದರತ್ತೆ ಬೇರೆ ಕಡೆ ನೋಡಿದಳು. ಸ್ರವಂತಿ ಎದ್ದು ಒಳಗೆ ಹೋಗಿ, ಚೊಂಬು ತುಂಬ ನೀರು ತಂದು ಅಮ್ಮನ ಮುಂದೆ ನಿಂತಳು.

"ಕುಡಿಯಮ್ಮಾ. ನೀನೇ ಹಾಡು."

ಪೆಂಟಮ್ಮ ಗಟಗಟನೆ ಕುಡಿದಳು, ಬಾಯಿ ತುಂಬ ತೆರೆದು ಹಾಡಿದಳು. ಹಾಡು ಮುಗಿಯುವವರೆಗೂ ಕಣ್ಣು ತುಂಬಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದವಳು ಸ್ರವಂತಿ.