ಲೋಲಾಕ್ಷಿಯ ಮರುಕೈ

ಸೀತಾಂಗೋಳಿ ಪೇಟೆಯವರಿಗೆ ಲೋಲಾಕ್ಷಿ ಎಂದರೆ ಹೇಳಿದ ದಿನಕ್ಕೆ ರವಿಕೆ ಹೊಲಿದು ಕೊಡದ ಟೈಲರ್. ಬೆಳಿಗ್ಗೆ ಐದೂವರೆಗೆ ಅವಳ ಮನೆಯ ಹಿಂದಿನ ಕಳರಿಗೆ, ಅಂದರೆ ಕಾಳಗದ ವಿದ್ಯೆ ಕಲಿಸುವ ಕಣಕ್ಕೆ, ಇಳಿಯುವ ಹನ್ನೊಂದು ಮಂದಿಗೆ ಮಾತ್ರ ಅವಳು ಗುರು. ನೆಲವನ್ನು ನಾಲ್ಕಡಿ ತೋಡಿ, ಮೇಲೆ ತಗಡು ಹೊದಿಸಿದ ಆ ಕಣದಲ್ಲಿ ನಲವತ್ತೊಂಬತ್ತರ ಈ ಹೆಂಗಸು ಕಾಲನ್ನು ತಲೆಯ ಮಟ್ಟಕ್ಕೆ ಎತ್ತಿ ಬೀಸುವುದನ್ನು ಒಮ್ಮೆ ನೋಡಿದವರು ತಡವಾದ ರವಿಕೆಗೆಂದು ಜಗಳಕ್ಕೆ ಹೋಗುವುದಿಲ್ಲ.

ವಿದ್ಯೆ ಅವಳಿಗೆ ಸಿಕ್ಕಿದ್ದು ಎಣ್ಣೆಯ ದೆಸೆಯಿಂದ. ಅಪ್ಪನ ಉಳುಕಿದ ಸೊಂಟಕ್ಕೆ ಎಣ್ಣೆ ತರಲು ಹದಿಮೂರನೆಯ ವಯಸ್ಸಿನಲ್ಲಿ ಕಳರಿ ನಡೆಸುತ್ತಿದ್ದ ಗುರುಕ್ಕಳ ಬಳಿ ಹೋದವಳು ಬಾಗಿಲಲ್ಲಿ ನಿಂತು ನೋಡಿದಳು, ನೋಡುತ್ತ ನೋಡುತ್ತ ಒಳಗಿಳಿದಳು. ಆ ಮುದುಕರು ಮಾತಿನಲ್ಲಿ ಮಹಾ ಜಿಪುಣರು. ಹನ್ನೆರಡು ವರ್ಷ ಕಾಯಿಸಿ ಮರ್ಮದ ಪಾಠ ಕೊಟ್ಟರು. ಮೈಯ ಯಾವ ಜಾಗಕ್ಕೆ ಬೆರಳು ತಾಗಿದರೆ ಎಂಥ ಮನುಷ್ಯನೂ ಕುಸಿಯುತ್ತಾನೆ ಎಂಬ ಪಾಠ ಅದು. ಜೊತೆಗೆ ಮೂರು ಮಾತು ತೆಗೆದುಕೊಂಡರು. ಸಿಟ್ಟಿನಲ್ಲಿ ಕೈ ಎತ್ತಬಾರದು. ಎತ್ತಿದರೆ ಹೊಡೆದ ಕೈಯೇ ಹೋಗಿ ಚಿಕಿತ್ಸೆ ಮಾಡಿ ಎಬ್ಬಿಸಬೇಕು, ಬಿದ್ದವನು ಶತ್ರುವಾದರೂ ಸರಿ. ಹಾಗೆ ಎಬ್ಬಿಸುವುದಕ್ಕೆ ಮರುಕೈ ಎಂದು ಹೆಸರು. ಹನ್ನೆರಡು ವರ್ಷ ಕಾಯದವರಿಗೆ ಮರ್ಮ ತೋರಿಸಬಾರದು. ಈ ಮಾತು ತೆಗೆದುಕೊಂಡ ಗುರುಕ್ಕಳು ಈಗ ಇಲ್ಲ, ತೀರಿಕೊಂಡು ಒಂಬತ್ತು ವರ್ಷವಾಯಿತು.

ಕಳೆದ ತಿಂಗಳು ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ ಲೋಲಾಕ್ಷಿಯ ಮುಂದೆ ಒಬ್ಬ ಹೈಸ್ಕೂಲು ಹುಡುಗಿ ನಿಂತಿದ್ದಳು. ಪಕ್ಕದ ಗಂಡಸಿನ ಕೈ ಆ ಹುಡುಗಿಯ ಸೊಂಟದ ಮೇಲೆ ಹರಿಯಿತು. ಮರುಕ್ಷಣ ಅವನ ಬಲಗೈ ಭುಜದಿಂದ ಕೆಳಗೆ ಜೋತುಬಿದ್ದಿತ್ತು. ಹೊಡೆದವಳು ಲೋಲಾಕ್ಷಿಯೇ, ಆದರೆ ಹೊಡೆಯುವೆನೆಂದು ಅವಳು ನೆನೆಸಿರಲಿಲ್ಲ. ಬಸ್ಸಿನವರು ಶಾಬಾಸ್ ಎಂದರು. ಅವಳ ಶಿಷ್ಯೆ ರಶ್ಮಿತಾ ಊರಿಡೀ ಸುದ್ದಿ ಹಂಚಿ ಬಂದಳು.

ಲೋಲಾಕ್ಷಿಗೆ ಮಾತ್ರ ಊಟ ಸೇರಲಿಲ್ಲ. ಮೈಯೇ ಕಣ್ಣಾಗಬೇಕು ಎಂದು ಗುರುಕ್ಕಳು ಹೇಳುತ್ತಿದ್ದರು. ಮೈ ತಾನಾಗಿ ಕಂಡು ಹೊಡೆದಿದ್ದರೆ ತಪ್ಪಿಲ್ಲ. ಸಿಟ್ಟು ಹೊಡೆದಿದ್ದರೆ ಮಾತು ಮುರಿದ ಹಾಗೆ. ಯಾವುದು ಹೊಡೆಯಿತು? ಎಷ್ಟು ಕೆದಕಿದರೂ ಅವಳಿಗೆ ತಿಳಿಯಲಿಲ್ಲ. ಆ ಗಂಡಸಿನ ಹೆಸರು ಜನಾರ್ದನ, ಕೈ ಇನ್ನೂ ಎದ್ದಿಲ್ಲ, ಆಸ್ಪತ್ರೆಯವರಿಗೂ ಕಾರಣ ಗೊತ್ತಾಗಿಲ್ಲ ಎಂದು ಮೂರನೆಯ ದಿನ ಕಿವಿಗೆ ಬಿತ್ತು. ಅವಳು ಎಣ್ಣೆಯ ಕುಪ್ಪಿ ಚೀಲಕ್ಕೆ ಹಾಕಿದಳು.

"ಅವನಿಗೆ ಹಾಗೇ ಆಗ್ಬೇಕು ಅಕ್ಕ. ನೀವು ಹೋಗುವುದು ಎಂತಕ್ಕೆ?" ಎಂದು ರಶ್ಮಿತಾ ಅಡ್ಡ ನಿಂತಳು.

"ಹೋಗದೆ ಇದ್ರೆ ನಾಳೆ ನಿಂಗೆ ಪಾಠ ಹೇಳ್ಲಿಕ್ಕೆ ನಂಗೆ ಬಾಯಿಲ್ಲ ಮಾರಾಯ್ತಿ."

ಅವನ ಮನೆಯಲ್ಲೇ ಏಳು ದಿನದ ಚಿಕಿತ್ಸೆ. ಜನಾರ್ದನ ಮೊದಲ ದಿನ ಬೈದ, ಎರಡನೆಯ ದಿನ ಗೋಡೆ ನೋಡಿದ, ಮೂರನೆಯ ದಿನ ಬೆರಳು ಮಿಸುಕಿದಾಗ ಅತ್ತೇಬಿಟ್ಟ. ಲೋಲಾಕ್ಷಿಗೆ ಪಾಪ ಎನಿಸಿತು. ಹಾಗೆನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯೂ ಆಯಿತು. ಅವನ ಹೆಂಡತಿ ರಂಜನಿ ದಿನವೂ ಬಿಸಿನೀರು ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಆರನೆಯ ದಿನ ರಂಜನಿ ಗೇಟಿನವರೆಗೂ ಬಂದಳು.

"ನಾಳೆ ನೀವು ಬರುವುದು ಬೇಡ ಅಕ್ಕ."

"ನಾಳೆಗೆ ಮುಗೀತದಲ್ಲ? ಕೈ ಪೂರ್ತಿ ಏಳ್ತದೆ."

"ಅದಕ್ಕೇ ಹೇಳಿದ್ದು." ಅವಳು ಕಿವಿಯ ಹಿಂದಿನ ಕೂದಲು ಸರಿಸಿ ತೋರಿಸಿದಳು. ಬಾವು ಇಳಿದು ಹಳದಿಗೆ ತಿರುಗಿದ್ದ ಏಟಿನ ಗುರುತು. "ಈ ಹತ್ತು ದಿನ ಮನೆಯಲ್ಲಿ ಸುಖ ಉಂಟು."

ಗುರುಕ್ಕಳು ಶತ್ರುವಿನ ಬಗ್ಗೆ ಹೇಳಿದ್ದರು, ಶತ್ರುವಿನ ಹೆಂಡತಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಹೋದರೆ ಆ ಹೆಣ್ಣಿನ ಮೇಲೆ ಬೀಳುವ ಪ್ರತಿ ಏಟಿನಲ್ಲೂ ಲೋಲಾಕ್ಷಿಯ ಪಾಲಿದೆ. ಹೋಗದಿದ್ದರೆ ಒಬ್ಬನ ಕೈ ಕಿತ್ತುಕೊಂಡ ಪಾಪ, ಮತ್ತೆ ಕಳರಿಗೆ ಇಳಿಯುವ ಮುಖವಿಲ್ಲ. ಅತ್ತ ದರಿ ಇತ್ತ ಹುಲಿ. ಜೀವವಿಡೀ ಕಲಿತ ವಿದ್ಯೆ ಬೇಕಾದ ಹೊತ್ತಿಗೆ ಬಾಯಿ ಮುಚ್ಚಿ ಕೂತಿತಲ್ಲ ಎಂದು ಅವಳಿಗೆ ಸತ್ತ ಗುರುವಿನ ಮೇಲೂ ಕೋಪ ಬಂತು. ಆ ಸಂಜೆ ರವಿಕೆಯೊಂದಕ್ಕೆ ಎರಡೂ ತೋಳುಗಳನ್ನು ಅದಲುಬದಲಾಗಿ ಹೊಲಿದಳು.

ಏಳನೆಯ ದಿನ ಹೋದಳು. ಎಣ್ಣೆ ತಿಕ್ಕಿ, ಬೆನ್ನ ಮೂಳೆಯ ಪಕ್ಕದಲ್ಲಿ ಹೆಬ್ಬೆರಳು ಊರಿ ಎತ್ತಿದಳು. ಜನಾರ್ದನನ ಕೈ ಭುಜದ ಮೇಲಕ್ಕೆ ಸರಾಗವಾಗಿ ಎದ್ದಿತು. ಅವನು ನಕ್ಕು ಮುಷ್ಟಿ ಬಿಗಿದು ನೋಡಿದ. ಬಾಗಿಲಲ್ಲಿ ನಿಂತಿದ್ದ ರಂಜನಿ ಆ ಮುಷ್ಟಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಲೋಲಾಕ್ಷಿ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಬೆರಳು ಹಿಡಿದು ಜನಾರ್ದನನ ತೋಳಿನ ಮೇಲೆ ಇಟ್ಟಳು.

"ಇಲ್ಲಿ. ಎಲುಬು ಸಿಕ್ಕಿದ ಮೇಲೆ ಎರಡು ಬೆರಳು ಕೆಳಗೆ. ಒತ್ತುವುದಲ್ಲ, ಕುಟ್ಟುವುದು."

"ಎಂತ ಮಾಡ್ತಾ ಇದ್ದೀರಿ ನೀವು?" ಎಂದು ಜನಾರ್ದನ ಎದ್ದು ಕೂರಲು ಹೋದ.

"ಪಾಠ. ನೀವು ಅಲುಗಾಡ್ಬೇಡಿ."

ಅವನು ಅಲುಗಾಡಲಿಲ್ಲ. ಬೆನ್ನಿನ ಕಡೆಗೆ ರಂಜನಿಯ ಕೈಯನ್ನು ಸರಿಸಿ, ಬಿದ್ದ ತೋಳನ್ನು ಎಬ್ಬಿಸುವ ಜಾಗವನ್ನೂ ಲೋಲಾಕ್ಷಿ ತೋರಿಸಿಕೊಟ್ಟಳು. ಹನ್ನೆರಡು ವರ್ಷ ಕಾದು ಪಡೆದದ್ದನ್ನು ಎರಡು ನಿಮಿಷದಲ್ಲಿ ಕೊಟ್ಟಾಗಿತ್ತು. ಒಂದು ಮಾತು ಉಳಿಸಿಕೊಳ್ಳಲು ಹೋಗಿ ಇನ್ನೊಂದನ್ನು ಮುರಿದೆ, ಇನ್ನು ಯಾವ ಮುಖದಲ್ಲಿ ಗುರು ಎನಿಸಿಕೊಳ್ಳಲಿ ಎಂದುಕೊಂಡು ಅವಳು ಕುಪ್ಪಿಯ ಮುಚ್ಚಳ ತಿರುಗಿಸಿ ಏಳಲು ನೋಡಿದಳು. ರಂಜನಿ ಅವಳ ಸೆರಗು ಹಿಡಿದಳು.

"ಹೊಡೆಯುವುದು ಗೊತ್ತಾಯ್ತು ಅಕ್ಕ. ಎಬ್ಬಿಸುವುದನ್ನು ಇನ್ನೊಮ್ಮೆ ತೋರಿಸಿ."

ಕಳರಿ ನಡೆಸಿದ ಇಪ್ಪತ್ತು ವರ್ಷಗಳಲ್ಲಿ ಲೋಲಾಕ್ಷಿಯ ಶಿಷ್ಯರಲ್ಲಿ ಒಬ್ಬರೂ ಮರುಕೈಯನ್ನು ತಾವಾಗಿ ಕೇಳಿರಲಿಲ್ಲ. ಅವಳು ಮತ್ತೆ ಕೂತು ರಂಜನಿಯ ಕೈ ಹಿಡಿದಳು.